ಟೆಂಟಿಗೆ ಹಾಕಿದ ಬೀಗ

"ನಾನು ತೆಗೆಯಲಾಗದ ಬೀಗ ಇಲ್ಲ, ನಾನು ಹಾಕಿದ ಬೀಗ ತೆಗೆಯೋನು ಇನ್ನೂ ಹುಟ್ಟಿಲ್ಲ" ಎಂದು ಬೀಗ ರಿಪೇರಿಯವನು ಮಕ್ಕಳ ಮುಂದೆ ಎದೆಯುಬ್ಬಿಸಿದ. ಈ ಮಹಾಶಯನ ದೆಸೆಯಿಂದಲೇ ಕಾಡಿನ ಪ್ರವಾಸ ಎರಡು ಸಲ ತಪ್ಪಿತ್ತು. ಹೊರಡುವ ಹೊತ್ತಿಗೆ ಸರಿಯಾಗಿ ಯಾರದೋ ಕಪಾಟಿನ ಬೀಗ ಕೆಟ್ಟು ಅವನಿಗೆ ಕರೆ ಬಂದಿತ್ತು.

"ಈ ಸಲವೂ ತಪ್ಪಿದ್ರೆ ಇನ್ನು ನಿನ್ನ ಮಾತು ನಂಬಲ್ಲ ಅಪ್ಪ" ಎಂದು ಹತ್ತು ವರ್ಷದ ಮಗಳು ಹೇಳಿಯಾಗಿತ್ತು. ವ್ಯಾನು ಬರುವುದು ನಾಲ್ಕಕ್ಕೆ. ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯುವ ಆಸಾಮಿಯಲ್ಲ ಅದರ ಚಾಲಕ.

ಮೂರಕ್ಕೆ ನಡುಮನೆಯಲ್ಲಿ ಟೆಂಟು ಹಾಕುವ ತಾಲೀಮು ಶುರುವಾಯಿತು. ತಳವೂ ಸೇರಿಸಿ ಹೊಲಿದ ಆ ಟೆಂಟು ನರ್ಸ್ ಹೆಂಡತಿಯ ಆಸ್ಪತ್ರೆಯ ಮೇಟ್ರನ್ ಅವರದು. ಒಂದು ಗೀರೂ ಬೀಳದೆ ವಾಪಸಾಗಬೇಕು. ಮಕ್ಕಳನ್ನು ಒಳಗೆ ಕೂರಿಸಿಕೊಂಡು ಅವನು ಜಿಪ್ ಎಳೆದ. ಜಿಪ್ಪಿನ ಎರಡು ಕೊಂಡಿಗಳನ್ನು ಸೇರಿಸಿ, ತಾನೇ ತಯಾರಿಸಿದ ಪುಟ್ಟ ಬೀಗವನ್ನು ಕ್ಲಿಕ್ಕೆನಿಸಿದ.

"ಕರಡಿ ಬಂದ್ರೂ ತೆಗೆಯಕ್ಕಾಗಲ್ಲ."

"ಕೀಲಿ ಎಲ್ಲಪ್ಪ?" ಎಂದಳು ಮಗಳು.

ಕೀಲಿ ಅಂಗಿಯ ಜೇಬಿನಲ್ಲಿತ್ತು. ಸೆಕೆಯೆಂದು ಕಳಚಿದ ಅಂಗಿ ಹೊರಗೆ ಗೋಡೆಯ ಮೊಳೆಯಲ್ಲಿತ್ತು. ಹತಾರಗಳ ಚೀಲವೂ ಹೊರಗೇ.

ಮಗಳ ಹೇರ್‌ಪಿನ್ ಇಸಿದುಕೊಂಡು ಅವನು ಬೀಗಕ್ಕೆ ಕಿವಿ ಹಚ್ಚಿದ. ಆ ಮನೆಯಲ್ಲಿ ಇದೊಂದು ಕಟ್ಟಪ್ಪಣೆ: ಅಪ್ಪನ ಕಿವಿ ಬೀಗದ ಮೇಲಿದ್ದಾಗ ಯಾರೂ ತುಟಿ ಬಿಚ್ಚುವಂತಿಲ್ಲ. ಒಳಗಿನ ಸದ್ದು ಕೇಳಿಯೇ ಅವನ ಕೆಲಸ ಸಾಗುವುದು. ಆರು ವರ್ಷದ ಮಗ ಬನಿಯನ್ನು ಜಗ್ಗಿದ. "ಶ್!" ಎಂದ ಅಪ್ಪ. ಮತ್ತೆ ಜಗ್ಗಿದ. ಅಪ್ಪ ಕಣ್ಣು ಕೆಕ್ಕರಿಸಿದ. ಅಷ್ಟರಲ್ಲಿ ಪಿನ್ನು ಬೀಗದೊಳಗೇ ಮುರಿಯಿತು.

ನಾಲ್ಕಕ್ಕೆ ಐದು ನಿಮಿಷ. ಹೊರಬಾಗಿಲಲ್ಲಿ ದಬದಬ ಸದ್ದಾಯಿತು.

"ರೀ, ಚಿಲಕ ತೆಗೀರಿ. ಡ್ಯೂಟಿ ಮುಗಿಸಿ ಓಡಿ ಬಂದಿದೀನಿ, ವ್ಯಾನು ತಿರುವಿನಲ್ಲಿದೆ."

"ಬರಕ್ಕಾಗಲ್ಲ ಕಣೇ. ಟೆಂಟಿನೊಳಗೆ ಸಿಕ್ಕಿಹಾಕ್ಕೊಂಡಿದೀವಿ."

ಎದುರುಮನೆ ಅಜ್ಜ ಸಲಹೆ ಕೊಟ್ಟಿದ್ದು ಒಳಗೂ ಕೇಳಿಸಿತು. "ಬೀಗ ರಿಪೇರಿಯವನನ್ನ ಕರೆಸಮ್ಮ."

"ಅವರೇ ಅಜ್ಜ ಒಳಗಿರೋದು."

ಹಾರ್ನ್ ಕೇಳಿಸಿತು. ಮಗಳ ಕಣ್ಣು ತುಂಬಿಕೊಂಡಿತು. "ಎಲ್ಲರೂ ಏಳಿ, ಟೆಂಟಿನ ಸಮೇತ ನಡೆಯೋಣ" ಎಂದ ಅಪ್ಪ. ಮೂವರೂ ಬಗ್ಗಿ, ಕುಪ್ಪಳಿಸಿ, ನುಣುಪು ನೆಲದ ಮೇಲೆ ಟೆಂಟನ್ನು ಜಾರಿಸುತ್ತ ಬಾಗಿಲು ಮುಟ್ಟಿದರು. ಟೆಂಟಿನ ಬಟ್ಟೆಯೊಳಗಿಂದಲೇ ತಡಕಾಡಿ ಅವನು ಚಿಲಕ ಸರಿಸಿದ. ಹೆಂಡತಿ ಬಾಗಿಲು ತಳ್ಳಿದ ರಭಸಕ್ಕೆ ಟೆಂಟು, ಗಂಡ, ಮಕ್ಕಳು ಎಲ್ಲ ಹಿಂದಕ್ಕೆ ಮಗುಚಿದರು.

"ಮೊಳೆಯಲ್ಲಿರೋ ಅಂಗಿಯಿಂದ ಕೀಲಿ ತಗೊಳ್ಳೇ" ಎಂದು ಅವನು ಒಳಗಿಂದ ನರಳಿದ. ಅವಳು ಜಿಪ್ಪಿನ ಸಂದಿಯಿಂದ ತೂರಿಸಿದ ಕೀಲಿಯೂ, ಮುರಿದ ಪಿನ್ನು ಅಡ್ಡವಾಗಿ, ಬೀಗದೊಳಗೆ ಹೋಗಲಿಲ್ಲ. ಮತ್ತೊಂದು ಹಾರ್ನ್. ಹೆಂಡತಿ ಟೆಂಟಿನ ಸುತ್ತ ಒಂದು ಬಾರಿ ಬಂದಳು, ಬಗ್ಗಿದಳು, ಸರ್ರನೆ ಏನನ್ನೋ ಎಳೆದಳು. ಬೆಳಕು ಒಳಗೆ ಬಂತು.

"ಇದಕ್ಕೆ ಹಿಂದೆ ಇನ್ನೊಂದು ಬಾಗಿಲಿದೆ ರೀ."

"ನಂಗೆ ಆಗ್ಲೇ ಗೊತ್ತಿತ್ತು" ಎಂದ ಮಗ, ತೆವಳಿ ಹೊರಬರುತ್ತ. "ಅಪ್ಪ ಬೀಗಕ್ಕೆ ಕಿವಿ ಇಟ್ಟಾಗ ಮಾತಾಡಬಾರದಲ್ವಾ?"

ವ್ಯಾನು ಸಿಕ್ಕಿತು. ಮಗಳು ದಾರಿಯುದ್ದಕ್ಕೂ ನಕ್ಕಳು. ಕಾಡಿನಲ್ಲಿ ಮೂರು ದಿನ ನಾಲ್ವರೂ ಹಿಂಬಾಗಿಲಿನಿಂದಲೇ ತೆವಳಿ ಓಡಾಡಿದರು. ಮುಂಬಾಗಿಲಿನ ಬೀಗವನ್ನು ಮಾತ್ರ, ಅವನು ಕೊಚ್ಚಿಕೊಂಡ ಹಾಗೆಯೇ, ಯಾರಿಂದಲೂ ತೆಗೆಯಲಾಗಲಿಲ್ಲ. ಅವನಿಂದಲೂ.