ಮೂರನೇ ಮಹಾಯುದ್ಧದ ಸನ್ನಿಧಾನಕ್ಕೆ, ಸೊನ್ನದಿಂದ

ಮಾನ್ಯ ಮೂರನೇ ಮಹಾಯುದ್ಧದವರೇ,

ಅಫಜಲಪುರ ತಾಲ್ಲೂಕಿನ ಸೊನ್ನ ಊರಿನ ಗೌರಾಬಾಯಿ ಮಾಡುವ ಶರಣಾರ್ಥಿಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಸಮಾಚಾರವನ್ನು ದಿನಾ ಸಂಜೆ ಟಿ.ವಿ.ಯವರೇ ಗಂಟಲು ಹರಿಯುವಂತೆ ತಿಳಿಸುತ್ತಿರುವುದರಿಂದ ಬೇರೆ ವಿಚಾರಿಸುವುದಿಲ್ಲ. ನಾಳೆ ಬರುತ್ತೀರಿ, ನಾಡಿದ್ದು ಬರುತ್ತೀರಿ ಎಂದು ಎರಡು ವರ್ಷದಿಂದ ಹೇಳಿಸಿಕೊಳ್ಳುತ್ತ, ಇನ್ನೂ ಬಾರದೆಯೇ ನಮ್ಮ ಮನೆಯಲ್ಲಿ ಬೀಗರಿಗಿಂತ ಹೆಚ್ಚಿನ ಮರ್ಯಾದೆ ಗಳಿಸಿರುವ ತಮ್ಮ ದೊಡ್ಡಸ್ತಿಕೆಗೆ ಕೈಮುಗಿದೆ.

ನನ್ನ ತಕರಾರು ಇಷ್ಟೇ. ಮಗಳು ಶಿವಕಾಂತಾಳಿಗೆ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಸೇರಲು ಶುಕ್ರವಾರವೇ ಕೊನೆಯ ದಿನ. ನಮ್ಮ ಯಜಮಾನರಾದ ಚಂದ್ರಾಮಪ್ಪನವರೋ "ಜಗತ್ತೇ ಮುಳುಗಾಕತ್ತದ, ಇಕಿ ಎಂ.ಎಸ್ಸಿ. ತಗೊಂಡು ಏನ್ ಮಾಡ್ತಾಳ? ಮೊದ್ಲ ಯುದ್ಧ ಮುಗೀಲಿ" ಎಂದು ಹಾಸ್ಟೆಲಿನ ಅರ್ಜಿಗೆ ಸಹಿ ಹಾಕದೆ ಕೂತಿದ್ದಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಪುಣ್ಯ. ಅಣುಬಾಂಬಿನ ವಿಷಗಾಳಿ ತಾಗದಿರಲೆಂದು, ಅವರಜ್ಜ ಜೋಳ ತುಂಬಿಡಲು ಅಂಗಳದಲ್ಲಿ ತೋಡಿಸಿದ್ದ ಹಳೆಯ ಹಗೇವಿನ ಬಾಯಿ ತೆರೆದು, ಚಾಪೆ, ಚುರುಮುರಿ ಡಬ್ಬಿ ಮತ್ತು, ಯಾಕೋ ಏನೋ, ಟಿ.ವಿ. ರಿಮೋಟಿನ ಸಮೇತ ಆಗಲೇ ಒಳಗಿಳಿಯಲು ಹೊರಟರು. ವರ್ಷಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರು ಕಟ್ಟುತ್ತದೆ, ದೀಪ ಇಳಿಬಿಟ್ಟು ನೋಡದೆ ಇಳಿಯಬಾರದು ಎಂಬುದು ನಮ್ಮೂರ ಕೂಸಿಗೂ ಗೊತ್ತು. ನೆರೆಮನೆಯ ಪ್ಯಾರಿಬಿ ಓಡಿಬಂದು ಕಂದೀಲು ಇಳಿಬಿಟ್ಟಳು. ಅದು ಅರ್ಧಕ್ಕೇ ಆರಿತು. "ಚಂದ್ರಾಮಣ್ಣ, ಬಾಂಬ್ ಬರೂತನಕಾನೂ ತಡಿಯಾಕ ಆಗೂದಿಲ್ಲೇನ್ರಿ ನಿಮಗ?" ಎಂದಳು. ನನಗೆ ನಗು ಬರಲಿಲ್ಲ. ಯಜಮಾನರನ್ನು ರಟ್ಟೆ ಹಿಡಿದು ಹಿಂದಕ್ಕೆಳೆದು ಬಾಯಿಗೆ ಬಂದಂತೆ ಬೈದೆ.

ಆದ್ದರಿಂದ ತಾವು ದಯಮಾಡಿ ಬರುವ ತಾರೀಖನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು; ಬರದಿದ್ದರೆ ಆ ಮಾತನ್ನು ಯಜಮಾನರಿಗೆ ಖುದ್ದು ಫೋನ್ ಮಾಡಿ ಹೇಳಬೇಕು; ಬಂದೇ ತೀರುವುದಾದರೆ, ಮಗಳ ಕೊನೆಯ ಪರೀಕ್ಷೆ ಮುಗಿಯುವತನಕ ಜೇವರ್ಗಿಯ ರಸ್ತೆ ಬದಿ ಚಹಾ ಕುಡಿಯುತ್ತ ತಡೆಯಬೇಕು. ಆ ರಸ್ತೆಯಲ್ಲಿ ಹಗಲೂ ರಾತ್ರಿ ಸಾಲುಗಟ್ಟುವ ಲಾರಿಗಳ ನಡುವೆ ತಮಗೆ ದಾರಿ ಸಿಗುವುದೂ ಅಷ್ಟರಲ್ಲೇ ಇದೆ.

ತಮ್ಮನ್ನು ಎಂದೂ ಭೇಟಿಯಾಗಲು ಇಚ್ಛಿಸದ
ತಮ್ಮ ವಿಶ್ವಾಸಿ,
ಗೌರಾಬಾಯಿ

ತಾ.ಕ.: ಪತ್ರ ಅಂಚೆಗೆ ಹಾಕುವುದು ತಡವಾಯಿತು. ಪಾಲಕರ ಸಹಿಯನ್ನು ನಾನೇ ಹಾಕಿ, ಶುಕ್ರವಾರ ಮಗಳನ್ನು ಸೇರಿಸಿ ಬಂದೆ. ಯಜಮಾನರೂ ನಮ್ಮ ಜೊತೆ ಬಸ್ಸು ಹತ್ತಿದರು. ಹಾಸ್ಟೆಲಿನ ಕೋಣೆಯ ಚಿಲಕವನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿ, "ನೀ ಇಲ್ಲದ ಮನ್ಯಾಗ ನಾ ಹ್ಯಾಂಗ ಇರ್ಲೆವ್ವಾ?" ಎಂದು ಕಣ್ಣೊರೆಸಿಕೊಂಡರು. ತಮ್ಮ ಹೆಸರು ಒಮ್ಮೆಯೂ ಬರಲಿಲ್ಲ. ತಪ್ಪು ತಿಳಿಯಬೇಡಿ, ಇಷ್ಟು ದೊಡ್ಡವರಾದ ತಾವು ನಮ್ಮ ಮನೆಯಲ್ಲಿ ಬರೀ ಒಂದು ನೆಪವಾಗಿದ್ದಿರಿ.