ಕ್ಯಾಂಗರೂ ಮೇಲೆ ಮಾವನ ಹೊಟ್ಟೆಕಿಚ್ಚು

ಒಂದ್ನಿಮಿಷ ಇರಿ, ಇದನ್ನ ಕೇಳ್ಕೊಂಡು ಹೋಗಿ! ಕ್ಯಾಂಗರೂ ಮೇಲೆ ಹೊಟ್ಟೆಕಿಚ್ಚು ಪಡೋ ಮನುಷ್ಯನ್ನ ಎಲ್ಲಾದ್ರೂ ನೋಡಿದೀರಾ? ನಮ್ಮನೇಲಿ ಒಬ್ರು ಇದಾರೆ. ನನ್ನ ಸೋದರಮಾವ.

ಕಾಮಾಕ್ಷಿಪಾಳ್ಯದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಅವರದು. ಸುಟ್ಟೋದ ಮೋಟರ್ ಬಂತು ಅಂದ್ರೆ ಮೊದಲು ಗಿರಾಕಿಗೆ ಬೈಗುಳ, ಆಮೇಲೆ ಮೋಟರ್‌ಗೆ ಹೊಸ ತಂತಿ. ಮೇಲೆ ಹಚ್ಚಿದ ವಾರ್ನಿಷ್ ಒಣಗೋವರೆಗೂ ಯಾರು ಅಂಗಲಾಚಿದ್ರೂ ಕೊಡಲ್ಲ. ಒಂದು ಮದುವೇಲಿ ತಾಳಿ ಕಟ್ಟೋ ಹೊತ್ತಿಗೆ ಸರಿಯಾಗಿ, "ಬೇರಿಂಗ್ ಹೋಗಿದೆ ಕಣಯ್ಯಾ" ಅಂತ ಫ್ಯಾನ್ ಬಿಚ್ಚಕ್ಕೆ ಕೂತ್ರು. ಅವರ ಕೈಲಿದ್ದ ಅಕ್ಷತೆ ಬಿದ್ದಿದ್ದು ಫ್ಯಾನ್ ಮೇಲೆ!

ನನಗೋ ಡಿಎನ್‌ಎ ಹುಚ್ಚು. ಓದಿದ್ದು ಬಿಕಾಂ, ಇದೆಲ್ಲಾ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆದು ಕಲ್ತಿದ್ದು. ಹೋದ ವರ್ಷ ಒಂದಿನ ಮಾವನಿಗೆ ಪಾಠ ಶುರು ಮಾಡ್ದೆ.

"ಬಿಸಿಲಿಗೆ ಚರ್ಮದ ಜೀವಕೋಶದಲ್ಲಿರೋ ಡಿಎನ್‌ಎ ಕೆಡತ್ತೆ ಮಾವ. ಎರಡೆಳೆ ದಾರ ಅಂದ್ಕೊಳ್ಳಿ. ಕೆಟ್ಟ ಎಳೇಲಿ ಒಂದು ತುಂಡು ಕತ್ತರಿಸಿ ಬಿಸಾಕಿ, ಎದುರಿನ ಎಳೆ ನೋಡ್ಕೊಂಡು ಹೊಸದು ತುಂಬ್ತವೆ."

"ಯಾರೋ ತುಂಬೋದು?"

"ನಮ್ಮೊಳಗಿರೋ ಪ್ರೋಟೀನ್‌ಗಳು."

"ಎರಡೆಳೆನೂ ಕಟ್ಟಾದ್ರೆ?"

"ಅದೇ ಡಿಎನ್‌ಎದು ಇನ್ನೊಂದು ನಕಲು ಸಿಕ್ರೆ ಅದನ್ನ ನೋಡ್ಕೊಂಡು ತುಂಬ್ತವೆ. ಇಲ್ದಿದ್ರೆ ಎರಡು ತುದಿ ಹಿಡಿದು ಹಂಗೇ ಅಂಟಿಸ್ತವೆ. ನಡುವೆ ಚೂರುಪಾರು ಹೋದ್ರೆ ಹೋಯ್ತು."

"ಥೂ! ನನ್ನ ಅಂಗಡೀಲಿ ಹಂಗ್ ಮಾಡಿದ್ರೆ ಒದ್ದು ಓಡಿಸ್ತಿದ್ದೆ!"

ನಾನು ಅಲ್ಲಿಗೆ ಬಾಯಿ ಮುಚ್ಕೋಬೇಕಿತ್ತು. "ಕ್ಯಾಂಗರೂಗೆ ಕತ್ತರಿಸೋ ಗೋಜೇ ಇಲ್ಲ ಮಾವ. ಬೆಳಕನ್ನೇ ಬಳಸಿ ಬಿಸಿಲಿನ ಏಟು ನೆಟ್ಟಗೆ ಮಾಡೋ ಒಂದು ಕಿಣ್ವ ಇದೆ. ಮನುಷ್ಯರಿಗೆ, ಹಸುಗೆ, ಇಲಿಗೆ ಅದಿಲ್ಲ" ಅಂದ್ಬಿಟ್ಟೆ.

"ಆ ಕುಪ್ಪಳಿಸೋ ಪ್ರಾಣಿಗಿಂತ ನಾನು ಕಡಿಮೇನಾ?" ಒಂದು ವಾರ ಮಾತಿಲ್ಲ!

ಈ ವರ್ಷ ಅವರ ಗಂಟಲಲ್ಲಿ ಗೆಡ್ಡೆ ಬಂತು. ಕ್ಯಾನ್ಸರ್. ಆರು ವಾರ ರೇಡಿಯೇಶನ್ ಅಂದ್ರು ಡಾಕ್ಟ್ರು.

"ಎಲ್ಲಾ ಒಂದೇ ದಿನ ಕೊಟ್ಟು ಕಳಿಸಿ ಸಾರ್, ಅಂಗಡಿ ಎಷ್ಟು ದಿನ ಮುಚ್ಲಿ?" ಅಂದ್ರು ಮಾವ.

ಆಟೋದಲ್ಲಿ ನಾನೇ ಬಿಡಿಸಿ ಹೇಳ್ದೆ. "ಆ ಕಿರಣ ಡಿಎನ್‌ಎನೇ ಕಡಿಯೋದು ಮಾವ. ಒಳ್ಳೇ ಕೋಶಗಳದ್ದೂ ಕಡಿಯತ್ತೆ. ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಮಧ್ಯೆ ಅವು ರಿಪೇರಿ ಮಾಡ್ಕೊಳ್ತವೆ. ಕ್ಯಾನ್ಸರ್ ಕೋಶಕ್ಕೆ ರಿಪೇರಿ ಅಷ್ಟಾಗಿ ಬರಲ್ಲ."

"ವಾರ್ನಿಷ್ ಒಣಗಕ್ಕೆ ಬಿಡ್ತಾರೆ ಅನ್ನು!" ಅಂತ ಒಪ್ಕೊಂಡ್ರು.

ಮೂರನೇ ವಾರಕ್ಕೆ ಗಂಟಲೆಲ್ಲಾ ಹುಣ್ಣು. ಗಂಜಿನೂ ಇಳೀತಿಲ್ಲ. ತೂಕ ಹೀಗೇ ಇಳಿದ್ರೆ ಟ್ರೀಟ್‌ಮೆಂಟ್ ನಿಲ್ಲಿಸ್ಬೇಕಾಗತ್ತೆ ಅಂದ್ರು ಡಾಕ್ಟ್ರು. ನಿನ್ನೆ ಮಧ್ಯಾಹ್ನ ಅತ್ತೆ ಗಂಜಿ ಲೋಟ ಹಿಡ್ಕೊಂಡು ಗೋಗರೆದ್ರು, ಬೈದ್ರು, ಅತ್ರು. ಮಾವ ಗೋಡೆ ಕಡೆ ತಿರುಗಿ ಮಲಗ್ಬಿಟ್ರು. ನಾನು ಅವರ ಪಕ್ಕದಲ್ಲೇ ಕೂತೆ.

ಸುಮಾರು ಹೊತ್ತಾದ್ಮೇಲೆ ಗೋಡೆ ಕಡೆಯಿಂದ ಸಣ್ಣ ದನಿ. "ಲೋ, ಈಗ್ಲೂ ಒಳಗೆ ಆ ರಿಪೇರಿ ಕೆಲಸ ನಡೀತಿದೆಯೇನೋ?"

"ನಡೀತಿದೆ ಮಾವ. ಒಂದು ಗಳಿಗೆ ಬಿಡುವಿಲ್ಲ."

ಮೆಲ್ಲಗೆ ಎದ್ದು ಕೂತ್ರು. ಅತ್ತೆ ಕಡೆ ಕೈ ಚಾಚಿದ್ರು.

"ಕೊಡೇ ಇಲ್ಲಿ. ಕೆಲಸ ಮಾಡೋರನ್ನ ಉಪವಾಸ ಕೆಡವಬಾರ್ದು."

ಅರ್ಧ ಲೋಟಕ್ಕೆ ಮುಕ್ಕಾಲು ಗಂಟೆ ಹಿಡೀತು. ಗುಟುಕು ಗುಟುಕಿಗೂ ಅವರ ಕಣ್ಣಲ್ಲಿ ನೀರು. ಅತ್ತೆ ಸೆರಗಲ್ಲಿ ಒರೆಸ್ತಾನೇ ಇದ್ರು.

ನಿಮ್ಮನೇಲೂ ಹೀಗೆ ಊಟ ಬಿಟ್ಟೋರು ಇದ್ರಾ? ಏನು ಕೊಟ್ರಿ, ಏನು ಹೇಳಿ ಉಣ್ಸಿದ್ರಿ? ದಯವಿಟ್ಟು ಕೆಳಗೆ ಬರೀರಿ. ನಮಗಿನ್ನೂ ಮೂರು ವಾರ ಬಾಕಿ ಇದೆ.