ಕುರ್ಚಿಯ ಕುಲಗೋತ್ರ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ನನ್ನದು ಮೊಣಕಾಲಿನಲ್ಲಿದೆ; ಹೆಚ್ಚು ಹೊತ್ತು ನಿಂತರೆ ಅಲ್ಲಿಂದ ಹೊರಟು ನೆತ್ತಿಗೇರುತ್ತದೆ. ಅದಕ್ಕೆಂದೇ ಸುರಪುರದ ಬಡಿಗನ ಬೆನ್ನುಬಿದ್ದು ಬೇವಿನ ಕಟ್ಟಿಗೆಯ ಕುರ್ಚಿ ಮಾಡಿಸಿಕೊಂಡಿದ್ದೆ. ಮನೆಯಲ್ಲಿದ್ದದ್ದು ಅದೊಂದೇ.

ರಾಜ್ಯ ಒಂದಾದ ಹೊಸತು. ಶಹಾಪುರದ ನಮ್ಮ ಶಾಲೆ ಉರ್ದು ಬಿಟ್ಟು ಕನ್ನಡಕ್ಕೆ ಹೊರಳಿತ್ತು. ನಾನಲ್ಲಿ ಕನ್ನಡ ಮಾಸ್ತರ. ಒಂದು ಸಂಜೆ ಕುರ್ಚಿಯನ್ನೇ ನೆನೆಯುತ್ತ ಮನೆಗೆ ಬಂದರೆ ಬೆನ್ನಿಗೇ ಇಬ್ಬರು ಬಂದರು: ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಶಾಲಾ ಇನ್‌ಸ್ಪೆಕ್ಟರರು, ಪಕ್ಕದ ಮನೆಯ ಉರ್ದು ಮಾಸ್ತರ ಖಾಸೀಂ ಸಾಹೇಬರು. "ಬರ್ರಿ ಸರ್, ಕುರ್ಚಿ ಮ್ಯಾಲ ಕೂಡ್ರಿ" ಎಂದೆ. ಅಲ್ಲೇ ಕೆಟ್ಟಿತು.

"ಕುರ್ಚಿ ನಮ್ಮ ಪದ ಅಲ್ಲ ಮೇಷ್ಟ್ರೇ, ಆಸನ ಅನ್ನಿ" ಎಂದರು ಇನ್‌ಸ್ಪೆಕ್ಟರರು.

"ಆಸನ ಸಂಸ್ಕೃತದ್ದು ಅದಲ್ರಿ ಸಾಹೇಬ್ರ" ಎಂದು ಖಾಸೀಂ ಸಾಹೇಬರು ಶುರುಮಾಡಿದರು. ಅರಬ್ಬಿಯಲ್ಲಿ 'ಕುರ್ಸಿ' ಎಂದರೆ ಸಿಂಹಾಸನವೂ ಹೌದಂತೆ. ಪಾರಸಿಯವರಿಗೆ ಅದು ಚಳಿಗಾಲದ ಗಿಡ್ಡ ಮೇಜು. ಕೆಳಗೆ ಕೆಂಡ, ಮೇಲೆ ರಜಾಯಿ, ಸುತ್ತ ಮನೆಮಂದಿ. ಉರ್ದುವಿನಲ್ಲಿ ಕೂಡುವುದಕ್ಕೂ ಕುರ್ಸಿ, ಮನೆಯ ಅಡಿಗಟ್ಟೆಗೂ ಕುರ್ಸಿ. ಮರಾಠಿಗರು ಅದನ್ನು ಖುರ್ಚಿ ಮಾಡಿದರು. ಇಷ್ಟು ದೇಶ ತಿರುಗಿದ ಪದ ನನ್ನ ಪಡಸಾಲೆಯಲ್ಲಿ ಖಾಲಿ ನಿಂತಿತ್ತು. ನಮ್ಮ ಕಡೆಯ ರಿವಾಜು ಹಾಗೆ: ಎದುರಿನವರು ಕೂಡದೆ ತಾನು ಕೂಡುವುದು ಅಮರ್ಯಾದೆ. ಖಾಸೀಂ ಸಾಹೇಬರು "ಪೈಲೇ ಆಪ್, ಮೊದಲ ನೀವು" ಎನ್ನುತ್ತಾರೆ, ಆ ರಿವಾಜನ್ನು ಇಲ್ಲಿಗೆ ಬಂದು ಕಲಿತ ಇನ್‌ಸ್ಪೆಕ್ಟರರು "ಹಿರಿಯರು, ತಾವು ಕೂತ್ಕೊಳ್ಳಿ" ಎನ್ನುತ್ತಾರೆ, ನಾನು "ಛೇ, ಬಂದವ್ರು ನೀವು" ಎನ್ನುತ್ತೇನೆ. ಬಾಯಲ್ಲಿ ಮರ್ಯಾದೆ, ಮೊಣಕಾಲಿನಲ್ಲಿ ಬೆಂಕಿ. ಇಬ್ಬರನ್ನೂ ರಟ್ಟೆ ಹಿಡಿದು ಹೊರಗೆ ದಬ್ಬುವಷ್ಟು ಸಿಟ್ಟು ಬಂದಿತ್ತು. ಪದ ಯಾರದಾದರೇನು, ಕುರ್ಚಿ ನನ್ನದಲ್ಲವೇ!

ಅಷ್ಟರಲ್ಲಿ ನನ್ನಾಕೆ ಒಳಗಿನಿಂದ ಬಂದಳು. "ಯಾರೂ ಕೂಡಂಗಿಲ್ಲಲ್ರಿ? ಚಹಾಕ್ಕ ಬೆಲ್ಲ ಅಟ್ಟದ ಮ್ಯಾಲ ಅದ" ಎಂದು ಕುರ್ಚಿ ಎತ್ತಿಕೊಂಡೇ ಹೋದಳು.

ನಿಂತೇ ಚಹಾ ಕುಡಿದು, ಏನೂ ಇತ್ಯರ್ಥವಾಗದೆ, ಅವರು ಹೊರಟರು. ಹಾಳಾಗಿ ಹೋಗಲಿ ಎಂದು ಬೈದುಕೊಳ್ಳುತ್ತ ಕುರ್ಚಿಯನ್ನು ಪಡಸಾಲೆಗೆ ತಂದು ಹಾಕಿದೆ. ಇನ್ನೇನು ಕೂಡಬೇಕು, ಜೋಳದ ಮೊರ ಹಿಡಿದು ನನ್ನಾಕೆ ಬಂದು ಎದುರಿಗೆ ನಿಂತಳು. ನನ್ನ ಹಾಳು ಬಾಯಿ ತಾನಾಗಿಯೇ ಅಂದುಬಿಟ್ಟಿತು: "ಮೊದಲ ನೀ ಕೂಡು."

ಆ ರಿವಾಜನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಎರಡನೆಯ ಮಾತಾಡದೆ ಕೂತುಬಿಟ್ಟಳು.